ಹಿಂದಿನ ಸಾಲಿಗೆ ತಾಗಿದ ಮೊನೆ: ಕಚ್ಚಾಮಾಲಿನ ಗೋದಾಮಿನಲ್ಲಿ ಅಟ್ಟಿ ಕುಸಿದ ಒಂದು ಪ್ರಕರಣ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಬದಿಯ ಕೈಗಾರಿಕಾ ಪ್ರದೇಶವೊಂದರಲ್ಲಿ ಬಕೆಟ್, ಕ್ರೇಟ್, ಡಬ್ಬಿಗಳನ್ನು ತಯಾರಿಸುವ ಮಧ್ಯಮ ಗಾತ್ರದ ಪ್ಲಾಸ್ಟಿಕ್ ಕಾರ್ಖಾನೆಯೊಂದಿದೆ. ಕೆಲವು ವರ್ಷಗಳ ಹಿಂದೆ ಅದರ ಕಚ್ಚಾಮಾಲಿನ ಗೋದಾಮಿನಲ್ಲಿ, ರಾತ್ರಿ ಪಾಳಿ ಮುಗಿದು ಬೆಳಗಿನ ಪಾಳಿಯವರು ಇನ್ನೂ ಹಾಜರಿ ಹಾಕುತ್ತಿದ್ದ ಹೊತ್ತಿನಲ್ಲಿ, ಮೂರು ಪ್ಯಾಲೆಟ್ (ಹೊರೆ ಇಡುವ ಮರದ ಚೌಕಟ್ಟು) ಎತ್ತರದ ಚೀಲಗಳ ಅಟ್ಟಿಯ ಮೇಲ್ಭಾಗ ಕುಸಿದು, ಹೊರೆ ಎತ್ತಿ ಸಾಗಿಸುವ ಯಂತ್ರವಾದ ಫೋರ್ಕ್‌ಲಿಫ್ಟ್ ಓಡಾಡುವ ಓಣಿಗೆ ಬಿತ್ತು. ಬಿದ್ದವು ತಲಾ 25 ಕೆ.ಜಿ. ತೂಕದ ಇಪ್ಪತ್ತಕ್ಕೂ ಹೆಚ್ಚು ಚೀಲಗಳು. ಆ ಕ್ಷಣದಲ್ಲಿ ಓಣಿಯಲ್ಲಿ ಯಾರೂ ಇರಲಿಲ್ಲ. ಸದ್ದು ಕೇಳಿ ಓಡಿಬಂದ ಸಹಾಯಕನೊಬ್ಬ ನೆಲದ ಮೇಲೆ ಹರಡಿದ್ದ ಪ್ಲಾಸ್ಟಿಕ್ ಕಾಳಿನ ಮೇಲೆ ಕಾಲಿಟ್ಟು ಜಾರಿ ಪಾದ ಉಳುಕಿಸಿಕೊಂಡ. ಗಾಯವೆಂದು ದಾಖಲಾದದ್ದು ಅದೊಂದೇ. ಆದರೆ ಮೂರು ಮೀಟರ್ ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟುವಾಗ ಗಂಟೆಗೆ 27 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿರುತ್ತದೆ. ಅಂಥ ವೇಗದಲ್ಲಿ 25 ಕೆ.ಜಿ. ಚೀಲ ಮನುಷ್ಯನ ಮೇಲೆ ಬಿದ್ದರೆ ತಲೆಯ ಮೇಲಿನ ಹೆಲ್ಮೆಟ್ ಕುತ್ತಿಗೆಯನ್ನು ಕಾಪಾಡಲಾರದು. ಹತ್ತು ನಿಮಿಷ ತಡವಾಗಿ ಬಿದ್ದಿದ್ದರೆ ಅದೇ ಓಣಿಯಲ್ಲಿ ಮೂರು ನಾಲ್ಕು ಜನ ನಡೆದಾಡುತ್ತಿರುತ್ತಿದ್ದರು.

ಸುರಕ್ಷತಾ ತರಬೇತಿಯ ಕೆಲಸದಲ್ಲಿರುವ ನನ್ನನ್ನು ಕಾರಣ ಹುಡುಕುವ ತಂಡಕ್ಕೆ ಹೊರಗಿನ ಸದಸ್ಯನಾಗಿ ಸೇರಿಸಿಕೊಂಡಿದ್ದರು. ಕಾರ್ಖಾನೆಯ ಹೆಸರು ಇಲ್ಲಿ ಬೇಕಿಲ್ಲ. ಇದೇ ಅಳತೆಯ ಪ್ಯಾಲೆಟ್, ಇದೇ ಬಗೆಯ ಯಂತ್ರ, ಇದೇ ರೂಢಿಗಳಿರುವ ಗೋದಾಮುಗಳು ನಮ್ಮಲ್ಲಿ ಸಾಕಷ್ಟಿರುವುದರಿಂದ, ಹೊರೆಯನ್ನು ಇಳಿಸಿ ಪೇರಿಸುವ ಕೆಲಸದಲ್ಲಿ ಅಪಾಯ ನಿಜವಾಗಿ ಎಲ್ಲಿ ಅಡಗಿರುತ್ತದೆ ಎಂಬುದನ್ನು ತೋರಿಸಲು ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಗೋದಾಮು ಮತ್ತು ಅದರ ರೂಢಿ

ಗೋದಾಮಿನಲ್ಲಿ ರ‍್ಯಾಕ್‌ಗಳಿಲ್ಲ. ನೆಲದ ಮೇಲೆಯೇ ಪ್ಯಾಲೆಟ್ ಮೇಲೆ ಪ್ಯಾಲೆಟ್ ಪೇರಿಸಿ, ಒಂದರ ಹಿಂದೆ ಒಂದರಂತೆ ನಾಲ್ಕು ಸಾಲುಗಳನ್ನು ಓಣಿಯ ಒಂದು ಬದಿಗೆ ನಿಲ್ಲಿಸುತ್ತಾರೆ. ಕಚ್ಚಾಮಾಲು ಪಾಲಿಪ್ರೊಪಿಲೀನ್ ಕಾಳು. ಕೆಲಸಗಾರರ ಬಾಯಲ್ಲಿ ಅದು ದಾನಾ. ಲಾರಿಯಲ್ಲಿ ಬಿಡಿ ಚೀಲಗಳಾಗಿ ಬರುವುದನ್ನು ಹಮಾಲಿಗಳು ಇಳಿಸಿ, 1200 ಮಿ.ಮೀ. ಅಗಲ, 1000 ಮಿ.ಮೀ. ಆಳದ ಮರದ ಪ್ಯಾಲೆಟ್ ಮೇಲೆ ಪದರಕ್ಕೆ ಐದು ಚೀಲದಂತೆ ಎಂಟು ಪದರ ಜೋಡಿಸುತ್ತಾರೆ. ಒಂದು ಪ್ಯಾಲೆಟ್ಟಿಗೆ 40 ಚೀಲ, ಅಂದರೆ ಒಂದು ಟನ್. ಪ್ಯಾಲೆಟ್ ಸೇರಿ ಎತ್ತರ ಸುಮಾರು 1.2 ಮೀಟರ್. ಮೂರು ಪೇರಿಸಿದರೆ 3.6 ಮೀಟರ್.

ಚೀಲಗಳು ಹೆಣೆದ ಪಾಲಿಪ್ರೊಪಿಲೀನಿನವು. ಸೆಣಬಿನ ಚೀಲಕ್ಕೆ ಇರುವ ಹಿಡಿತ ಇವಕ್ಕೆ ಇಲ್ಲ. ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಹೊಸದಾಗಿ ಜೋಡಿಸಿದ ಚೀಲದಲ್ಲಿ ಗಾಳಿ ಇರುತ್ತದೆ, ಕಾಳುಗಳ ನಡುವೆ ಸಡಿಲವೂ ಇರುತ್ತದೆ. ಮೇಲೆ ಭಾರ ಬಿದ್ದಂತೆ ಅದು ನಿಧಾನವಾಗಿ ಕುಗ್ಗುತ್ತದೆ. ಕೆಳಗಿನ ಪ್ಯಾಲೆಟ್ಟಿನ ಚೀಲಗಳು ಎರಡು ಟನ್ನಿಗೂ ಸ್ವಲ್ಪ ಹೆಚ್ಚಿನ ಭಾರ ಹೊತ್ತಿರುವುದರಿಂದ, ಕೆಲವು ವಾರ ನಿಂತ ಅಟ್ಟಿ ಹೊಸ ಅಟ್ಟಿಗಿಂತ ಕಣ್ಣಿಗೆ ಕಾಣುವಷ್ಟು ಗಿಡ್ಡವಾಗಿರುತ್ತದೆ. ಈ ಗೋದಾಮಿನಲ್ಲಿ ಅಳೆದಾಗ ಆ ವ್ಯತ್ಯಾಸ ಸುಮಾರು 8 ಸೆಂ.ಮೀ. ಇತ್ತು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನೆಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಓಣಿಯ ತುದಿಯ ಶಟರ್ ಬಾಗಿಲಿನಿಂದ ಒಳನುಗ್ಗುವ ಮಳೆನೀರು ಹರಿದುಹೋಗಲೆಂದು ಕಟ್ಟಡ ಕಟ್ಟಿದವರು ಓಣಿಯ ಕಡೆಗೆ 50ಕ್ಕೆ 1ರ ಇಳಿಜಾರು ಕೊಟ್ಟಿದ್ದರು. ಹಿಂದಿನ ಮೂರು ಸಾಲುಗಳು ಸಮತಟ್ಟಾದ ನೆಲದ ಮೇಲೆ ನಿಂತರೆ, ಓಣಿಗೆ ತಾಗಿದ ಮುಂದಿನ ಸಾಲು ಮಾತ್ರ ಈ ಇಳಿಜಾರಿನ ಮೇಲೆ ನಿಲ್ಲುತ್ತದೆ. 50ಕ್ಕೆ 1 ಎಂದರೆ ನಡೆಯುವವನ ಕಾಲಿಗೆ ಗೊತ್ತೇ ಆಗದಷ್ಟು ಕಡಿಮೆ. ಆದರೆ 3.6 ಮೀಟರ್ ಎತ್ತರದ ಅಟ್ಟಿಯ ತಲೆ ಅಷ್ಟಕ್ಕೇ 7 ಸೆಂ.ಮೀ. ಓಣಿಯ ಕಡೆಗೆ ವಾಲಿರುತ್ತದೆ, ಅದೂ ಮೊದಲ ದಿನದಿಂದಲೇ.

ಸಾಲು ಸಾಲುಗಳ ನಡುವೆ ಎಷ್ಟು ಅಂತರ ಬಿಡಬೇಕೆಂಬುದು ಎಲ್ಲಿಯೂ ಬರೆದಿರಲಿಲ್ಲ. ಚಾಲಕರು ನಾಲ್ಕು ಬೆರಳಗಲ ಬಿಡುತ್ತಿದ್ದರು, ಅಳೆದು ನೋಡಿದರೆ 70 ಮಿ.ಮೀ. ಆಸುಪಾಸು. ಎಂಟು ಹತ್ತು ವರ್ಷಗಳಿಂದ ಈ ಲೆಕ್ಕ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ.

ಮೊದಲ ವರದಿ ಮತ್ತು ಅದರ ತಪ್ಪು

ಅಟ್ಟಿ ಬಿದ್ದ ದಿನ ಮಧ್ಯಾಹ್ನದೊಳಗೆ ಒಂದು ಪುಟದ ವರದಿ ಸಿದ್ಧವಾಗಿತ್ತು. ಹಿಂದಿನ ದಿನ ಸಂಜೆ ಆ ಸಾಲಿನ ಮೂರನೆಯ ಪ್ಯಾಲೆಟ್ ಇಟ್ಟ ಚಾಲಕನ ಅಜಾಗರೂಕತೆಯೇ ಕಾರಣವೆಂದೂ, ಆತನಿಗೆ ಎಚ್ಚರಿಕೆ ಪತ್ರ ಕೊಡಬೇಕೆಂದೂ, ಎಲ್ಲ ಚಾಲಕರಿಗೂ ಮರುತರಬೇತಿ ಆಗಬೇಕೆಂದೂ ಅದರಲ್ಲಿತ್ತು. ಹೊರೆ ಬಿತ್ತು, ಕೊನೆಯದಾಗಿ ಮುಟ್ಟಿದವನು ಇವನು, ಆದ್ದರಿಂದ ತಪ್ಪು ಇವನದು ಎಂಬ ಈ ತರ್ಕವನ್ನು ನಾನು ಅನೇಕ ಕಾರ್ಖಾನೆಗಳ ದಾಖಲೆಗಳಲ್ಲಿ ಓದಿದ್ದೇನೆ. ಅದು ತನಿಖೆಯನ್ನು ಆರಂಭವಾಗುವ ಮೊದಲೇ ಮುಗಿಸುತ್ತದೆ, ಮತ್ತು ಅದೇ ಕುಸಿತ ಇನ್ನೊಬ್ಬ ಚಾಲಕನ ಕೈಯಲ್ಲಿ ಮತ್ತೆ ಆಗಲು ಬೇಕಾದ ಎಲ್ಲ ಕಾರಣಗಳನ್ನೂ ಹಾಗೆಯೇ ಉಳಿಸುತ್ತದೆ.

ಆ ಚಾಲಕ ಅನುಭವಸ್ಥ. ಆತನ ವಾದ ಸರಳವಾಗಿತ್ತು: ಯಂತ್ರ ಎರಡೂವರೆ ಟನ್ನಿನದು, ಹೊರೆ ಒಂದು ಟನ್, ಎತ್ತಿದ್ದು ಎರಡೂವರೆ ಮೀಟರ್, ಇದರಲ್ಲಿ ಅತಿಭಾರ ಎಲ್ಲಿಂದ ಬಂತು? ಈ ವಾದವನ್ನು ನಾವು ಲೆಕ್ಕ ಹಾಕಿಯೇ ಪರೀಕ್ಷಿಸಿದೆವು. ಫೋರ್ಕ್‌ಲಿಫ್ಟ್ ಕೆಲಸ ಮಾಡುವುದು ಸನ್ನೆಗೋಲಿನ ನಿಯಮದ ಮೇಲೆ. ಮುಂದಿನ ಚಕ್ರಗಳ ಅಚ್ಚು ಆಧಾರ, ಅದರ ಮುಂದೆ ಹೊರೆ, ಹಿಂದೆ ಯಂತ್ರದ ಪ್ರತಿಭಾರ. ಸಾಮರ್ಥ್ಯದ ಫಲಕದ ಮೇಲೆ 2500 ಕೆ.ಜಿ. ಎಂದು ಬರೆದಿದ್ದರೆ, ಅದರ ಪಕ್ಕದಲ್ಲಿ 500 ಮಿ.ಮೀ. ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಹೊರೆಯ ಭಾರಕೇಂದ್ರ, ಪ್ಯಾಲೆಟ್ಟಿನಡಿ ತೂರಿ ಅದನ್ನು ಎತ್ತುವ ಉಕ್ಕಿನ ತೋಳಾದ ಫೋರ್ಕ್‌ನ ಬುಡದಿಂದ ಅಷ್ಟು ದೂರದಲ್ಲಿದ್ದರೆ ಮಾತ್ರ 2500 ಕೆ.ಜಿ. ಎಂದು ಅದರ ಅರ್ಥ. ನಾವು ನೋಡಿದ ಯಂತ್ರದಲ್ಲಿ ಮುಂದಿನ ಅಚ್ಚಿನಿಂದ ಫೋರ್ಕ್‌ನ ಬುಡಕ್ಕೆ ಸುಮಾರು 480 ಮಿ.ಮೀ. ಇತ್ತು. ಹಾಗಾದರೆ ಅಚ್ಚಿನಿಂದ 980 ಮಿ.ಮೀ. ದೂರದಲ್ಲಿ 2500 ಕೆ.ಜಿ. ತಡೆಯುವ ಯಂತ್ರ, ಭಾರಕೇಂದ್ರ ಮುಂದಕ್ಕೆ ಸರಿದು 1200 ಮಿ.ಮೀ. ಆದರೆ ಸುಮಾರು 2040 ಕೆ.ಜಿ.ಯನ್ನಷ್ಟೇ ತಡೆಯಬಲ್ಲದು. ಮಾಸ್ಟನ್ನು (ಫೋರ್ಕ್ ಏರಿಳಿಯುವ ಮುಂಭಾಗದ ಕಂಬವನ್ನು) ಮೇಲೆತ್ತಿದಾಗ ಇದು ಇನ್ನಷ್ಟು ಇಳಿಯುತ್ತದೆ. ಆದರೂ ಒಂದು ಟನ್ ಹೊರೆಗೆ ಸಾಕಷ್ಟು ಮಿಗುತ್ತದೆ. ಚಾಲಕ ಹೇಳಿದ್ದು ಸರಿಯಿತ್ತು. ಯಂತ್ರ ಮುಗ್ಗರಿಸಿರಲಿಲ್ಲ, ಹೊರೆ ಹೆಚ್ಚಾಗಿರಲಿಲ್ಲ, ಪ್ಯಾಲೆಟ್ ಮುರಿದಿರಲಿಲ್ಲ. ಅಟ್ಟಿ ಹತ್ತು ಹನ್ನೆರಡು ಗಂಟೆ ನಿಂತಿದ್ದು ಆಮೇಲೆ ಬಿದ್ದಿತ್ತು.

ತೂಕದ ಸುತ್ತಲೇ ಸುತ್ತುವ ಚರ್ಚೆ ಈ ಉದ್ಯೋಗದಲ್ಲಿ ಎಷ್ಟು ಸಾಮಾನ್ಯವೆಂದರೆ, ಹೊರೆ ಯಂತ್ರದ ಮಿತಿಯೊಳಗಿದೆ ಎಂದು ಗೊತ್ತಾದ ಕೂಡಲೇ ಉಳಿದ ಪ್ರಶ್ನೆಗಳನ್ನು ಕೇಳುವುದೇ ನಿಂತುಹೋಗುತ್ತದೆ. ಎತ್ತುವುದು ಒಂದು ಕೆಲಸ, ಇಡುವುದು ಇನ್ನೊಂದು. ಇಡುವಾಗ ಹೊರೆಯ ಜೊತೆಗೆ ಅದರ ಕೆಳಗಿನ ಹೊರೆ, ಅದರ ಹಿಂದಿನ ಹೊರೆ, ಅವೆಲ್ಲ ನಿಂತ ನೆಲ, ಈ ನಾಲ್ಕೂ ಸೇರಿಕೊಳ್ಳುತ್ತವೆ, ಮತ್ತು ಅವುಗಳಲ್ಲಿ ಮೂರನ್ನು ಚಾಲಕ ತನ್ನ ಸೀಟಿನಿಂದ ಸರಿಯಾಗಿ ನೋಡಲಾರ.

ಸೀಳುಗಳು

ಬಿದ್ದ ಚೀಲಗಳನ್ನು ಎತ್ತಿ, ಮುಂದಿನ ಸಾಲಿನ ಉಳಿದ ಭಾಗವನ್ನು ಇಳಿಸಿದ ಮೇಲೆ ಹಿಂದಿನ ಸಾಲು ಕಣ್ಣಿಗೆ ಬಿತ್ತು. ಅದರ ಮೂರನೆಯ ಪ್ಯಾಲೆಟ್ಟಿನ ತೀರಾ ಕೆಳಗಿನ ಪದರದಲ್ಲಿ, ಓಣಿಯ ಕಡೆಗೆ ಮುಖ ಮಾಡಿದ್ದ ಎರಡು ಚೀಲಗಳು ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿ ಚಪ್ಪಟೆಯಾಗಿದ್ದವು. ಅವುಗಳ ಮೇಲಿನ ಏಳು ಪದರಗಳೂ ಮುಂದಕ್ಕೆ ಬಾಗಿದ್ದವು.

ಎರಡೂ ಚೀಲಗಳಲ್ಲಿ ಒಂದೊಂದು ಸೀಳಿತ್ತು. ಚೀಲ ಹಳೆಯದಾಗಿ ಹೊಲಿಗೆ ಬಿಚ್ಚಿದರೆ ಸೀಳು ಅಂಚಿನಲ್ಲಿರುತ್ತದೆ. ಇಲಿ ಕಡಿದರೆ ತೂತಿನ ಸುತ್ತ ನೂಲು ನೂಲಾಗಿರುತ್ತದೆ. ಇವು ಹಾಗಿರಲಿಲ್ಲ. ಮೇಲ್ಭಾಗದಲ್ಲಿ ಅಂಗೈ ಅಗಲದ ಅಡ್ಡ ಗಾಯ, ಅಲ್ಲಿಂದ ಕೆಳಕ್ಕೆ ಎಳೆದಂತೆ ಹರಿದ ನೇರ ಗೆರೆ. ಗಾಯದ ಒಳಭಾಗದಲ್ಲಿ ಬಟ್ಟೆಗೆ ಕಪ್ಪು ಗ್ರೀಸ್ ಹತ್ತಿತ್ತು. ಒಂದು ಸೀಳಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಟೇಪು ಹಿಡಿದು ಅಳೆದು, ಅದೇ ಟೇಪನ್ನು ಯಂತ್ರದ ಎರಡು ಫೋರ್ಕ್‌ಗಳ ನಡುವೆ ಹಿಡಿದಾಗ ಎರಡೂ ಅಳತೆ ಒಂದೇ ಆಗಿತ್ತು. ಅಲ್ಲಿಯವರೆಗೆ ಚೀಲದ ಗುಣಮಟ್ಟದ ಬಗ್ಗೆ ಪೂರೈಕೆದಾರರಿಗೆ ದೂರು ಬರೆಯಲು ಸಿದ್ಧರಾಗಿದ್ದವರು ಆಮೇಲೆ ಮಾತಾಡಲಿಲ್ಲ.

ನಡೆದದ್ದನ್ನು ಈಗ ಜೋಡಿಸಬಹುದಿತ್ತು. ಮುಂದಿನ ಸಾಲಿಗೆ ಮೂರನೆಯ ಪ್ಯಾಲೆಟ್ ಇಡುವಾಗ ಫೋರ್ಕ್‌ನ ಮೊನೆಗಳು ಆ ಪ್ಯಾಲೆಟ್ಟನ್ನು ದಾಟಿ ಹಿಂದಿನ ಸಾಲಿನ ಚೀಲಗಳಿಗೆ ಚುಚ್ಚಿದ್ದವು. ಹೊರೆಯನ್ನು ಕೆಳಗಿಳಿಸಿದಂತೆ ಚುಚ್ಚಿದ ಮೊನೆಗಳು ಚೀಲವನ್ನು ಕೆಳಮುಖವಾಗಿ ಸೀಳಿದ್ದವು. ಚಾಲಕ ಹಿಂದೆ ಸರಿದಾಗ ಮೊನೆಗಳು ಹೊರಬಂದು, ತೂತಾದ ರಾಗಿ ಮೂಟೆಯಂತೆ ಕಾಳು ಸಣ್ಣಗೆ ಸುರಿಯಲಾರಂಭಿಸಿತ್ತು. ಎರಡು ಸಾಲುಗಳ ನಡುವಿನ ನಾಲ್ಕು ಬೆರಳಿನ ಸಂದಿಯಲ್ಲಿ ಬೀಳುತ್ತಿದ್ದ ಕಾಳು ಯಾರಿಗೂ ಕಾಣುವಂತಿರಲಿಲ್ಲ. ಎರಡು ಚೀಲ ಬರಿದಾದಂತೆ ಅವುಗಳ ಮೇಲಿದ್ದ ಮುಕ್ಕಾಲು ಟನ್ನಿಗೂ ಹೆಚ್ಚಿನ ಭಾರ ಮುಂದಕ್ಕೆ ಬಾಗಿ, ಮುಂದಿನ ಸಾಲಿನ ಮೇಲಿನ ಪದರಗಳಿಗೆ ಒರಗಿತು. ಇಳಿಜಾರಿನಿಂದಾಗಿ ಆ ಸಾಲು ಮೊದಲೇ ಓಣಿಯ ಕಡೆ ವಾಲಿತ್ತು, ಚೀಲಗಳಿಗೆ ಹಿಡಿತವಿರಲಿಲ್ಲ, ಸುತ್ತ ಪ್ಲಾಸ್ಟಿಕ್ ಹಾಳೆ ಸುತ್ತಿರಲಿಲ್ಲ. ಹಿಂದಿನಿಂದ ಒತ್ತಡ ಬಂದೊಡನೆ ಅದರ ಮೇಲಿನ ಪದರಗಳು ಓಣಿಗೆ ಜಾರಿದವು. ಕೆಟ್ಟದ್ದು ಹಿಂದಿನ ಸಾಲು, ಬಿದ್ದದ್ದು ಮುಂದಿನ ಸಾಲು. ಬಿದ್ದ ಹೊರೆಯನ್ನಷ್ಟೇ ನೋಡಿದವರಿಗೆ ಕಾರಣ ಸಿಗದಿದ್ದುದು ಇದಕ್ಕೇ.

ಇನ್ನೊಂದು ವಿವರ ನನ್ನನ್ನು ಬಹಳ ಕಾಡಿತು. ರಾತ್ರಿ ಪಾಳಿಯಲ್ಲಿ ನೆಲ ಗುಡಿಸುವ ಹೆಂಗಸು ಆ ಅಟ್ಟಿಯ ಬುಡದಲ್ಲಿ ಕಾಳು ಹೊರಬಂದಿದ್ದನ್ನು ನೋಡಿ ಗುಡಿಸಿದ್ದರು. ಒಂದೆರಡು ಗಂಟೆಯ ನಂತರ ಅಲ್ಲೇ ಮತ್ತೆ ಕಾಳು ಕಂಡಿತು, ಮತ್ತೆ ಗುಡಿಸಿದರು. ಜಾರುವ ಕಾಳನ್ನು ನೆಲದ ಮೇಲೆ ಬಿಡಬಾರದೆಂದು ಅವರಿಗೆ ಹೇಳಿದ್ದು ಅಷ್ಟೇ, ಅದನ್ನು ಅವರು ಸರಿಯಾಗಿಯೇ ಮಾಡಿದ್ದರು. ಕಾಳು ಎಲ್ಲಿಂದ ಬಂತೆಂದು ಕೇಳುವ, ಕಂಡದ್ದನ್ನು ಮೇಲ್ವಿಚಾರಕನಿಗೆ ತಿಳಿಸುವ ಕೆಲಸವೂ ತಮ್ಮದೇ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಇಡೀ ರಾತ್ರಿ ಆ ಅಟ್ಟಿ ಕೊಟ್ಟ ಏಕೈಕ ಸೂಚನೆ ಕಸದ ಡಬ್ಬಿ ಸೇರಿತು.

150 ಮಿಲಿಮೀಟರು

ಹಾಗಾದರೆ ಇಷ್ಟು ವರ್ಷ ಆಗದ್ದು ಆ ಸಂಜೆ ಏಕೆ ಆಯಿತು? ಕಾರ್ಖಾನೆಯ ಸ್ವಂತ ಫೋರ್ಕ್‌ಲಿಫ್ಟ್ ದುರಸ್ತಿಗೆ ಹೋಗಿತ್ತು, ಅದರ ಬದಲಿಗೆ ಬಾಡಿಗೆ ಯಂತ್ರ ಬಂದಿತ್ತು. ಎರಡೂ ಎರಡೂವರೆ ಟನ್ನಿನವು, ಎರಡೂ ಡೀಸೆಲ್, ಮಾಸ್ಟಿನ ಎತ್ತರವೂ ಒಂದೇ. ಬಾಡಿಗೆ ಕಾಗದದಲ್ಲಿ ಬರೆದಿದ್ದುದೂ ಇಷ್ಟೇ. ವ್ಯತ್ಯಾಸ ಫೋರ್ಕ್‌ನ ಉದ್ದದಲ್ಲಿತ್ತು. ಸ್ವಂತ ಯಂತ್ರದ ಫೋರ್ಕ್ 1070 ಮಿ.ಮೀ., ಬಾಡಿಗೆಯದು 1220 ಮಿ.ಮೀ.

ಪ್ಯಾಲೆಟ್ಟಿನ ಆಳ 1000 ಮಿ.ಮೀ. ಹೊರೆ ಬುಡಕ್ಕೆ ತಾಗುವಂತೆ ಪೂರ್ತಿ ಒಳಗೆ ತೆಗೆದುಕೊಳ್ಳಬೇಕೆಂಬುದು ಎಲ್ಲ ಚಾಲಕರಿಗೂ ಕಲಿಸುವ ಮೊದಲ ನಿಯಮ, ಮತ್ತು ಸರಿಯಾದ ನಿಯಮ. ಸ್ವಂತ ಯಂತ್ರದಲ್ಲಿ ಹಾಗೆ ಮಾಡಿದರೆ ಮೊನೆ 70 ಮಿ.ಮೀ. ಹೊರಗೆ ಚಾಚುತ್ತದೆ. ಸಾಲುಗಳ ನಡುವೆ ಬಿಡುತ್ತಿದ್ದ ಅಂತರವೂ 70 ಮಿ.ಮೀ. ಮೊನೆ ಹಿಂದಿನ ಸಾಲನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲುತ್ತಿತ್ತು. ಆ ನಾಲ್ಕು ಬೆರಳಗಲ ಎಲ್ಲಿಂದ ಬಂತೆಂದು ಯಾರಿಗೂ ನೆನಪಿರಲಿಲ್ಲ. ಆ ಯಂತ್ರದ ಜೊತೆ ದುಡಿದು ದುಡಿದು ಚಾಲಕರ ಕೈ ತಾನಾಗಿ ಕಂಡುಕೊಂಡ ಅಳತೆ ಅದು. ಬಾಡಿಗೆ ಯಂತ್ರದಲ್ಲಿ ಅದೇ ಕೈ, ಅದೇ ಕಣ್ಣು, ಅದೇ ನಿಯಮ, ಆದರೆ ಮೊನೆ 220 ಮಿ.ಮೀ. ಹೊರಗೆ. ಅಂತರದ 70 ಕಳೆದರೆ ಹಿಂದಿನ ಸಾಲಿನೊಳಗೆ 150 ಮಿ.ಮೀ.

ಮೊನೆ ಹಿಂದಿನ ಪ್ಯಾಲೆಟ್ಟಿನ ಬಾಯೊಳಗೆ (ಫೋರ್ಕ್ ತೂರಿಸಲು ಇರುವ ಸಂದಿನೊಳಗೆ) ಹೋಗದೆ ಚೀಲಕ್ಕೇ ಏಕೆ ಹೊಕ್ಕಿತು ಎಂಬುದಕ್ಕೆ ಆ 8 ಸೆಂ.ಮೀ. ಉತ್ತರ ಕೊಡುತ್ತದೆ. ಹಿಂದಿನ ಸಾಲು ವಾರಗಟ್ಟಲೆ ನಿಂತು ಕುಗ್ಗಿತ್ತು, ಮುಂದಿನದು ಅಂದೇ ಕಟ್ಟಿದ್ದು. ಇಳಿಜಾರಿನಿಂದ ಮುಂದಿನ ಸಾಲಿನ ನೆಲ ಸ್ವಲ್ಪ ತಗ್ಗಾಗಿದ್ದರೂ, ಒಟ್ಟಿನಲ್ಲಿ ಅದರ ಮೂರನೆಯ ಪ್ಯಾಲೆಟ್ ಹಿಂದಿನದಕ್ಕಿಂತ ಸುಮಾರು 5 ಸೆಂ.ಮೀ. ಮೇಲಿತ್ತು. ಅದರ ಮೇಲೆ, ಕೆಳಗಿನ ಚೀಲಗಳಿಗೆ ಉಜ್ಜದಿರಲೆಂದು ಚಾಲಕ ಹೊರೆಯನ್ನು ಇನ್ನೂ ಏಳೆಂಟು ಸೆಂ.ಮೀ. ಎತ್ತಿ ಹಿಡಿದು ಮುಂದೆ ಬಂದಿದ್ದ. ಆ ಎತ್ತರದಲ್ಲಿ ಮೊನೆಯ ಎದುರಿಗೆ ಬರುವುದು ಪ್ಯಾಲೆಟ್ಟಿನ ಬಾಯಲ್ಲ, ಚೀಲಗಳ ಮೊದಲ ಪದರ. ಮೊನೆ ಬಾಯೊಳಗೆ ಹೋಗಿದ್ದರೂ ಒಳ್ಳೆಯದಾಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಅಟ್ಟಿಯಿಂದ ಪ್ಯಾಲೆಟ್ ತೆಗೆಯುವಾಗ ಹಾಗಾದರೆ, ಎತ್ತುವ ಹೊರೆಯ ಜೊತೆ ಹಿಂದಿನ ಹೊರೆಯ ಮುಂದಿನ ಅಂಚೂ ಎದ್ದು, ಅದು ಹಿಂದಕ್ಕೆ ಉರುಳುತ್ತದೆ. ಆ ಬಗೆಯ ಕುಸಿತ ಇದಕ್ಕಿಂತ ಹೆಚ್ಚು ಸಾಮಾನ್ಯ, ಇದಕ್ಕಿಂತ ಹೆಚ್ಚು ಭೀಕರ.

ಸೀಟಿನ ಮೇಲೆ ಕುಳಿತವನಿಗೆ 1.2 ಮೀಟರ್ ಎತ್ತರದ ಹೊರೆಯ ಆಚೆ, ನೆಲದಿಂದ ಎರಡೂವರೆ ಮೀಟರ್ ಮೇಲೆ, ಮೊನೆ ಕಾಣುವುದಿಲ್ಲ. ಚುಚ್ಚಿದ್ದು ಕೈಗೆ ತಿಳಿಯುವುದೂ ಇಲ್ಲ, ಏಕೆಂದರೆ ಟನ್ನುಗಟ್ಟಲೆ ತೂಗುವ ಯಂತ್ರಕ್ಕೆ ಒಂದು ಚೀಲದ ಬಟ್ಟೆ ಒಡ್ಡುವ ತಡೆ ಏನೇನೂ ಅಲ್ಲ. ಈ ಸ್ಥಿತಿಯಲ್ಲಿ ಅಜಾಗರೂಕತೆ ಎಂಬ ಮಾತನ್ನು ಆತನ ಮೇಲೆ ಹೊರಿಸುವುದು ನ್ಯಾಯವಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 7-ಎ ಕಲಮು ವಸ್ತುಗಳ ಬಳಕೆ, ಸಾಗಣೆ ಮತ್ತು ಸಂಗ್ರಹ ಸುರಕ್ಷಿತವಾಗಿರುವಂತೆ ವ್ಯವಸ್ಥೆ ಮಾಡುವುದನ್ನೂ, ಕೆಲಸಗಾರರಿಗೆ ಬೇಕಾದ ಮಾಹಿತಿ, ತರಬೇತಿ, ಮೇಲ್ವಿಚಾರಣೆ ಕೊಡುವುದನ್ನೂ ಕಾರ್ಖಾನೆ ನಡೆಸುವವರ ಹೊಣೆಯೆಂದೇ ಹೇಳಿತ್ತು. ಬೇರೆ ಉದ್ದದ ಫೋರ್ಕ್ ಬಂದಿದೆ ಎಂಬುದು ಆ ಮಾಹಿತಿಯೇ. ಎಚ್ಚರಿಕೆ ಪತ್ರವನ್ನು ಕೊನೆಗೆ ಕೊಡಲಿಲ್ಲ. ಆ ಒಂದು ಪುಟದ ವರದಿಯನ್ನೂ ಹಿಂದಕ್ಕೆ ಪಡೆದರು.

ಇಳಿಸುವ ಕ್ರಮ

ತರಬೇತಿ ಬೇಕೇ ಇರಲಿಲ್ಲ ಎಂದು ಹೇಳುತ್ತಿಲ್ಲ. ಯಾವ ತರಬೇತಿ ಎಂಬುದು ಮುಖ್ಯ. ಎಚ್ಚರದಿಂದಿರಿ ಎಂದು ಹೇಳುವ ತರಬೇತಿಯಿಂದ 220 ಮಿ.ಮೀ. 70 ಆಗುವುದಿಲ್ಲ. ನಾವು ಚಾಲಕರ ಜೊತೆ ನಿಂತು, ಒಂದು ಹೊರೆಯನ್ನು ಇಡುವ ಕೆಲಸವನ್ನು ಹಂತ ಹಂತವಾಗಿ ಮಾಡಿ ನೋಡಿದೆವು.

ಅಟ್ಟಿಯ ಎದುರಿಗೆ ನೇರವಾಗಿ, ಸ್ವಲ್ಪ ದೂರದಲ್ಲೇ ನಿಲ್ಲಬೇಕು. ಅಲ್ಲಿಯವರೆಗೆ ಹೊರೆ ನೆಲದಿಂದ 15 ಸೆಂ.ಮೀ. ಆಸುಪಾಸಿನಲ್ಲಿ, ಮಾಸ್ಟ್ ಹಿಂದಕ್ಕೆ ವಾಲಿರಬೇಕು. ಎತ್ತಿದ ಹೊರೆಯೊಂದಿಗೆ ತಿರುಗಬಾರದು, ಏಕೆಂದರೆ ಎರಡು ಮುಂದಿನ ಚಕ್ರಗಳು ಮತ್ತು ಹಿಂದಿನ ಅಚ್ಚಿನ ನಡುಬಿಂದು ಸೇರಿ ಆಗುವ ತ್ರಿಕೋನದ ಮೇಲೆಯೇ ಇಡೀ ಯಂತ್ರ ನಿಂತಿರುತ್ತದೆ, ಮತ್ತು ಹೊರೆ ಮೇಲೇರಿದಷ್ಟೂ ಭಾರಕೇಂದ್ರ ಆ ತ್ರಿಕೋನದಿಂದ ಪಕ್ಕಕ್ಕೆ ಸರಿಯಲು ಸಣ್ಣ ತಿರುವೂ ಸಾಕಾಗುತ್ತದೆ. ನಿಂತ ಮೇಲೆ ಎತ್ತುವುದು, ಎತ್ತಿದ ಮೇಲೆ ನಿಧಾನವಾಗಿ ಮುಂದೆ ಹೋಗುವುದು, ಹೊರೆ ಪೂರ್ತಿಯಾಗಿ ಅಟ್ಟಿಯ ಮೇಲೆ ಬಂದ ನಂತರವೇ ಮಾಸ್ಟ್ ನೆಟ್ಟಗೆ ಮಾಡುವುದು. ಈ ಕೊನೆಯ ಮಾತಿಗೆ ಕಾರಣವಿದೆ: ಎರಡೂವರೆ ಮೀಟರ್ ಎತ್ತರದಲ್ಲಿ ಮಾಸ್ಟನ್ನು 6 ಡಿಗ್ರಿ ಮುಂದಕ್ಕೆ ಬಾಗಿಸಿದರೆ ಹೊರೆ 26 ಸೆಂ.ಮೀ. ಮುಂದೆ ಹೋಗುತ್ತದೆ. ಸನ್ನೆಗೋಲಿನ ತೋಳು ಅಷ್ಟು ಉದ್ದವಾಗುತ್ತದೆ, ಮೊನೆಯೂ ಅಷ್ಟೇ ಮುಂದೆ ನುಗ್ಗುತ್ತದೆ. ಇಳಿಜಾರಿನ ಮೇಲೆ ನಿಂತ ಯಂತ್ರದಲ್ಲಿ ಹೊರೆ ಸಮತಟ್ಟಾಗಿದೆಯೇ ಎಂದು ಕಣ್ಣಳತೆಯಲ್ಲೇ ನಿರ್ಧರಿಸಬೇಕಾಗುವುದರಿಂದ, ಮುಂದಿನ ಸಾಲಿನಲ್ಲಿ ಈ ತಪ್ಪಿಗೆ ಅವಕಾಶ ಹೆಚ್ಚು.

ಉದ್ದದ ಫೋರ್ಕ್ ಇದ್ದಾಗ ಇಡಬೇಕಾದ ರೀತಿ ಬೇರೆ. ಹೊರೆಯನ್ನು ಎಂದಿನಂತೆ ಬುಡದವರೆಗೆ ತೆಗೆದುಕೊಂಡು ಹೋಗಿ, ಮೊನೆ ಹಿಂದಿನ ಸಾಲಿಗೆ ತಾಗುವ ಮೊದಲೇ, ಅಂದರೆ ಅಂತಿಮ ಜಾಗಕ್ಕಿಂತ 150ರಿಂದ 200 ಮಿ.ಮೀ. ಇತ್ತಲೇ ಇಳಿಸಬೇಕು. ನಂತರ ಫೋರ್ಕನ್ನು ಹಿಂದಕ್ಕೆ ಎಳೆದು, ಮೊನೆ ಪ್ಯಾಲೆಟ್ಟಿನ ಹಿಂದಿನ ಅಂಚಿನೊಳಗೆ ಇರುವಂತೆ ನಿಲ್ಲಿಸಿ, ಹೊರೆಯನ್ನು ಕೂದಲೆಳೆಯಷ್ಟು ಮಾತ್ರ ಎತ್ತಿ, ಮುಂದೆ ಸರಿಸಿ ಇಳಿಸಬೇಕು. ಎರಡು ಸಲ ಹಿಡಿದು ಇಡುವ ಈ ಕ್ರಮದಲ್ಲಿ ಭಾರಕೇಂದ್ರ ಬುಡದಿಂದ ದೂರ ಹೋಗುತ್ತದೆ. ಮೇಲೆ ಹಾಕಿದ 1200 ಮಿ.ಮೀ.ನ ಲೆಕ್ಕ ಇದೇ ಸ್ಥಿತಿಯದು. ಆದ್ದರಿಂದ ಫಲಕದಲ್ಲಿ ಆ ಎತ್ತರಕ್ಕೆ ಮತ್ತು ಆ ದೂರಕ್ಕೆ ಎಷ್ಟು ಭಾರ ಸಲ್ಲುತ್ತದೆಂದು ನೋಡದೆ ಇದನ್ನು ಮಾಡಬಾರದು. ಒಂದು ಟನ್ನಿಗೆ ಇಲ್ಲಿ ತೊಂದರೆಯಿರಲಿಲ್ಲ. ಎರಡು ಟನ್ ಹೊರೆಗೆ ಇದೇ ಕ್ರಮ ಅಪಾಯವನ್ನು ಮೊನೆಯಿಂದ ತೆಗೆದು ಯಂತ್ರದ ಮೇಲೆ ಹಾಕುತ್ತದೆ.

ಮೊನೆ ಎಲ್ಲಿದೆಯೆಂದು ತಿಳಿಯುವ ಉಪಾಯ ಅಗ್ಗದ್ದು. ಮೊನೆಯಿಂದ 1000 ಮಿ.ಮೀ. ಹಿಂದಕ್ಕೆ ಅಳೆದು ಫೋರ್ಕ್‌ನ ಮೇಲೆ ಹಳದಿ ಪಟ್ಟಿ ಬಳಿಯುವುದು. ಪ್ಯಾಲೆಟ್ಟಿನ ಮುಂದಿನ ಅಂಚು ಆ ಪಟ್ಟಿಗೆ ಸರಿಹೊಂದಿದರೆ ಮೊನೆ ಹಿಂದಿನ ಅಂಚಿಗೆ ಸರಿಯಾಗಿ ನಿಂತಿದೆ, ಪಟ್ಟಿ ಪ್ಯಾಲೆಟ್ಟಿನೊಳಗೆ ಹೋದಷ್ಟೂ ಮೊನೆ ಆಚೆ ಹೋಗಿದೆ. ಕಾಣದ ಮೊನೆಯನ್ನು ಕಾಣುವ ಪಟ್ಟಿಯಿಂದ ಓದಬಹುದು. ಕಾರ್ಖಾನೆಯವರು ಮಾಸ್ಟಿಗೆ ಕ್ಯಾಮೆರಾ ಹಾಕಿಸುವ ಪ್ರಸ್ತಾಪವನ್ನೂ ಮುಂದಿಟ್ಟರು. ಬೇಡವೆನ್ನಲು ಕಾರಣವಿಲ್ಲ, ಆದರೆ ಬಾಡಿಗೆಗೆ ಬರುವ ಪ್ರತಿಯೊಂದು ಯಂತ್ರಕ್ಕೂ ಕ್ಯಾಮೆರಾ ಇರುವುದಿಲ್ಲ, ಬಣ್ಣದ ಡಬ್ಬಿ ಮತ್ತು ಟೇಪು ಗೇಟಿನಲ್ಲೇ ಇರಬಲ್ಲವು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಪಟ್ಟಿ ಬಳಿಯಲೆಂದು ಫೋರ್ಕ್ ಒರೆಸಿದಾಗ ಅದರ ಬುಡದ ದಪ್ಪವನ್ನೂ ಅಳೆದೆವು. ಮೂಲ ದಪ್ಪದ 10 ಶೇಕಡಾ ಸವೆದರೆ ಫೋರ್ಕ್ ಬದಲಾಯಿಸಬೇಕು, ಅಷ್ಟು ಸವೆತಕ್ಕೇ ಅದರ ಬಲ ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ. ಇಲ್ಲಿ ಸವೆತ ಮಿತಿಯೊಳಗಿತ್ತು.

ಬದಲಾದದ್ದು

ಮೊದಲು ಬಂದ ಸಲಹೆ ಸಾಲುಗಳ ಅಂತರವನ್ನು 250 ಮಿ.ಮೀ.ಗೆ ಏರಿಸಬೇಕೆಂಬುದು. ಗೋದಾಮಿನ ಉಸ್ತುವಾರಿ ಒಪ್ಪಲಿಲ್ಲ. ನಾಲ್ಕು ಸಾಲುಗಳ ನಡುವೆ ಮೂರು ಸಂದಿಗಳು, ಸಂದಿಗೆ 180 ಮಿ.ಮೀ. ಹೆಚ್ಚಾದರೆ ಮುಂದಿನ ಸಾಲು ಅರ್ಧ ಮೀಟರಿಗೂ ಹೆಚ್ಚು ಓಣಿಗೆ ಬರುತ್ತದೆ, ಓಣಿ ಕಿರಿದಾಗಿ ಯಂತ್ರ ತಿರುಗಲು ಪರದಾಡುತ್ತದೆ ಎಂದರು. ಅವರ ಆಕ್ಷೇಪ ನ್ಯಾಯವಾದದ್ದು. ಒಂದು ಅಪಾಯ ತಪ್ಪಿಸಲು ಹೋಗಿ ಅಟ್ಟಿಗೆ ಯಂತ್ರ ತಗಲುವ ಇನ್ನೊಂದನ್ನು ತಂದುಕೊಳ್ಳುವ ಅರ್ಥವಿರಲಿಲ್ಲ. ಅಂತರವನ್ನು 100 ಮಿ.ಮೀ.ಗೆ ನಿಗದಿ ಮಾಡಿ ನೆಲದ ಮೇಲೆ ಗೆರೆ ಎಳೆದರು. ಮೂಲ ಕಾರಣವಾಗಿದ್ದ ಫೋರ್ಕ್‌ನ ಉದ್ದಕ್ಕೇ ಕೈ ಹಾಕುವುದೆಂದು ತೀರ್ಮಾನವಾಯಿತು. ಪ್ಯಾಲೆಟ್ಟನ್ನು ತಿರುಗಿಸಿ 1200 ಮಿ.ಮೀ. ಆಳದ ಕಡೆಯಿಂದ ಎತ್ತಿದರೆ ಸಮಸ್ಯೆಯೇ ಇರುವುದಿಲ್ಲವಲ್ಲ ಎಂದು ಒಬ್ಬ ಚಾಲಕ ಕೇಳಿದ, ಬಹಳ ಒಳ್ಳೆಯ ಪ್ರಶ್ನೆ. ಆದರೆ ಅವರ ಪ್ಯಾಲೆಟ್‌ಗಳಿಗೆ ಎರಡು ಕಡೆಯಿಂದ ಮಾತ್ರ ಬಾಯಿ ಇತ್ತು. ಮುಂದೆ ಕೊಳ್ಳುವ ಪ್ಯಾಲೆಟ್‌ಗಳು ನಾಲ್ಕು ಕಡೆ ಬಾಯಿ ಇರುವಂಥವೇ ಆಗಿರಬೇಕೆಂದು ಖರೀದಿ ವಿಭಾಗಕ್ಕೆ ಬರೆದರು.

ಬಾಡಿಗೆ ಯಂತ್ರದ ಬೇಡಿಕೆ ಪತ್ರದಲ್ಲಿ ಈಗ ಟನ್ ಮತ್ತು ಎತ್ತರದ ಜೊತೆಗೆ ಫೋರ್ಕ್‌ನ ಉದ್ದವೂ 1070 ಮಿ.ಮೀ. ಎಂದು ಬರೆಯುತ್ತಾರೆ. ಕೇಳಿದರೆ ಬಾಡಿಗೆಯವರು ಕೊಡುತ್ತಾರೆ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಅಷ್ಟೇ. ಯಂತ್ರ ಗೇಟಿಗೆ ಬಂದಾಗ ಕಾವಲುಗಾರನಲ್ಲ, ಚಾಲಕನೇ ಟೇಪು ಹಿಡಿದು ಅಳೆದು ಸಹಿ ಮಾಡಬೇಕು. ಉದ್ದದ ಫೋರ್ಕೇ ಬಂದರೆ ಪಟ್ಟಿ ಬಳಿದು, ಎರಡು ಸಲ ಹಿಡಿದು ಇಡುವ ಕ್ರಮದಲ್ಲಿ ಮಾತ್ರ ಕೆಲಸ ಮಾಡಬೇಕು. ಎರಡು ಪ್ಯಾಲೆಟ್‌ಗಳ ನಡುವೆ ಪ್ಲೈವುಡ್ ಹಾಳೆ ಹಾಕಿ ಮೇಲಿನ ಭಾರ ಚೀಲಗಳ ಮೇಲೆ ಹರಡುವಂತೆ ಮಾಡಿದ್ದಾರೆ. ಎಂಟು ಪದರಗಳಿಗೂ ಸೇರಿಸಿ ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರೆ, ಹಾಳೆಯ ಕೊನೆಯ ಸುತ್ತು ಪ್ಯಾಲೆಟ್ಟನ್ನೂ ಹಿಡಿದುಕೊಳ್ಳುವಂತೆ. ಹಮಾಲಿಗಳು ಪದರ ಬಿಟ್ಟು ಪದರ ಚೀಲಗಳ ದಿಕ್ಕು ಬದಲಿಸುವುದನ್ನು ಮೊದಲಿನಿಂದಲೂ ಮಾಡುತ್ತಿದ್ದರು, ಅವರ ಜೋಡಣೆಯಲ್ಲಿ ನಮಗೆ ಯಾವ ದೋಷವೂ ಕಾಣಲಿಲ್ಲ.

ಗುಡಿಸುವವರಿಗೆ ಕೊಟ್ಟ ಸೂಚನೆ ಈ ಬದಲಾವಣೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅಟ್ಟಿಯ ಬುಡದಲ್ಲಿ ಕಾಳು ಕಂಡರೆ ಗುಡಿಸುವ ಮೊದಲು ಮೇಲ್ವಿಚಾರಕನನ್ನು ಕರೆಯಬೇಕು. ಕಾಳು ಎಲ್ಲಿಂದ ಬಂತೆಂದು ಗೊತ್ತಾಗುವವರೆಗೆ ಆ ಅಟ್ಟಿಯ ಮುಂದಿನ ಓಣಿಗೆ ಅಡ್ಡಪಟ್ಟಿ ಕಟ್ಟಿ ಓಡಾಟ ನಿಲ್ಲಿಸಬೇಕು. ಪಟ್ಟಿ ಕಟ್ಟುವ ಅಧಿಕಾರ ಗುಡಿಸುವವರಿಗೂ ಇದೆ, ಕಟ್ಟಿದ್ದಕ್ಕೆ ಅವರು ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ ಎಂದು ವ್ಯವಸ್ಥಾಪಕರೇ ಪಾಳಿಯ ಸಭೆಯಲ್ಲಿ ಹೇಳಿದರು. ಈ ಕ್ರಮ ಬಂದ ಮೇಲೆ ಒಮ್ಮೆ ಪಟ್ಟಿ ಕಟ್ಟಿದ್ದೂ ಆಗಿದೆ. ಆಗ ಸಿಕ್ಕಿದ್ದು ಹೊಲಿಗೆ ಬಿಚ್ಚಿದ ಒಂದು ಚೀಲ. ಅದು ಕೆಳಗಿನ ಪ್ಯಾಲೆಟ್ಟಿನಲ್ಲಿದ್ದುದರಿಂದ ಇಡೀ ಅಟ್ಟಿಯನ್ನು ಇಳಿಸಿ ಮತ್ತೆ ಕಟ್ಟಬೇಕಾಯಿತು, ಅರ್ಧ ಪಾಳಿ ಹೋಯಿತು, ಯಾರೂ ಗೊಣಗಲಿಲ್ಲ.

ಇಳಿಜಾರು ಮಾತ್ರ ಹಾಗೆಯೇ ಇದೆ. ಶಟರ್ ಬದಿಯ ನೆಲ ಒಡೆದು ಮತ್ತೆ ಹಾಕಬೇಕೆಂದರೆ ಗೋದಾಮಿನ ಕಾಲು ಭಾಗವನ್ನು ವಾರಗಟ್ಟಲೆ ಖಾಲಿ ಮಾಡಬೇಕು, ಮಳೆನೀರಿಗೆ ಬೇರೆ ದಾರಿಯನ್ನೂ ಮಾಡಬೇಕು. ಆ ಕೆಲಸವನ್ನು ಮುಂದೂಡಿದ್ದಾರೆ. ಅದು ಆಗುವವರೆಗೆ ಮುಂದಿನ ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ಪ್ಯಾಲೆಟ್ ಪೇರಿಸುವಂತಿಲ್ಲ. ಕಂಬದ ಮೇಲೆ 2.4 ಮೀಟರಿಗೆ ಕೆಂಪು ಗೆರೆ ಬಳಿದಿದ್ದಾರೆ. ಗೆರೆಯ ಮೇಲಿನ ಜಾಗ ಖಾಲಿ ಬಿಡುವುದು ದುಂದು ಎಂದು ಲಾರಿ ಹೆಚ್ಚು ಬಂದ ದಿನಗಳಲ್ಲಿ ಉಸ್ತುವಾರಿಯ ಮೇಲೆ ಒತ್ತಡ ಬರುತ್ತದೆ. ನೆಲ ಸರಿಯಾಗುವ ತನಕ ಆ ಮಿತಿಯನ್ನು ಸಡಿಲಿಸಬಾರದೆಂದು ನಮ್ಮ ಅಂತಿಮ ವರದಿಯಲ್ಲಿ ಬರೆದಿದ್ದೇವೆ, ವ್ಯವಸ್ಥಾಪಕರು ಅದಕ್ಕೆ ಸಹಿ ಹಾಕಿದ್ದಾರೆ.